ಮೀನಿಲ್ಲದ ಏಲ್: ಹಳೇ ಕೋಠಿಯ ನೆಲಮಾಳಿಗೆಯಲ್ಲಿ ಒಂಬತ್ತು ವರ್ಷ

ಫೆಬ್ರುವರಿ ಒಂಬತ್ತು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹೈದರಾಬಾದಿನ ಮಿಯಾಪುರದ ಮನೆಯ ಬಾಲ್ಕನಿಯಲ್ಲಿ ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಬರೆಯಲು ಕೂತಿದ್ದೇನೆ. ಒಂದೇ ಸಲಕ್ಕೆ ಬಹಳ ಹೊತ್ತು ಕೂರಬಾರದು ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ಇದು ತುಂಡು ತುಂಡಾಗಿಯೇ ಬರುತ್ತದೆ.

ನನಗೆ ಮೂವತ್ತೈದು ವರ್ಷ, ನಾನು ನಿವೃತ್ತ. ನಗುವವರು ಈಗಲೇ ನಕ್ಕು ಮುಗಿಸಬಹುದು. ಅಪ್ಪ ಸರ್ಕಾರಿ ಕಚೇರಿಯಿಂದ ಹಾರ ಹಾಕಿಸಿಕೊಂಡು ಕಾಚಿಗೂಡದ ಮನೆಗೆ ಬಂದರು. ನಾನು ಪಬ್ಬಿನ ಹಿತ್ತಲಿನಿಂದ ಸ್ಟ್ರೆಚರ್ ಮೇಲೆ ಬಂದೆ. ಇನ್ನು ಭಾರ ಎತ್ತುವಂತಿಲ್ಲ ಎಂದ ಮೇಲೆ ಅದನ್ನು ನಿವೃತ್ತಿ ಎನ್ನದೆ ಬೇರೆ ಏನೆನ್ನಲಿ? ಈಚೆಗೆ ಮೂವರು ಬೇರೆ ಬೇರೆ ದಿನ ಫೋನ್ ಮಾಡಿ ಒಂದೇ ಮಾತು ಕೇಳಿದರು: ಪಬ್ಬಿನಲ್ಲಿ ಏಲ್ ಬೀರಿನ ಪೀಪಾಯಿ ನೋಡಿಕೊಳ್ಳುವ ಕೆಲಸ ಸಿಕ್ಕಿದೆ, ಸೇರಲೇ ಎಂದು. ಸಂಬಳವನ್ನೂ ಬಡ್ತಿಯನ್ನೂ ಅವರು ಮಾಲೀಕರನ್ನೇ ಕೇಳಿಕೊಳ್ಳಲಿ. ಕೌಂಟರಿನ ಆಚೆ ನಿಂತವನು ನೇರ ಪ್ರಶ್ನೆ ಕೇಳಿದಾಗ ನೇರ ಉತ್ತರ ಕೊಟ್ಟೂ ಆ ಕೆಲಸದಲ್ಲಿ ಉಳಿಯಬಹುದೇ, ಅದಷ್ಟೇ ನನಗೆ ಗೊತ್ತಿರುವ ವಿಷಯ. ಅದನ್ನೇ ಬರೆಯುತ್ತೇನೆ.

ಆಬಿಡ್ಸ್ ಹಿಂದಿನ ಗಲ್ಲಿಯಲ್ಲಿ ಕಲ್ಲಿನ ಕಮಾನಿನ ಒಂದು ಹಳೆಯ ಮನೆಯಿದೆ. ನಿಜಾಮರ ಕಾಲದಲ್ಲಿ ಯಾರೋ ದೊಡ್ಡ ಅಧಿಕಾರಿ ಇದ್ದರಂತೆ. ಆಮೇಲೆ ಅದು ಬಾರ್ ಆಯಿತು, ಈಗ ಪಬ್. ಬೋರ್ಡಿನಲ್ಲಿ ಬೇರೆ ಹೆಸರಿದ್ದರೂ ಜನರ ಬಾಯಲ್ಲಿ ಅದು ಹಳೇ ಕೋಠಿ. ಊರಿನ ಹೊಸ ಪಬ್ಬುಗಳೆಲ್ಲ ಗಾಜಿನ ಕಟ್ಟಡಗಳ ನೆತ್ತಿಯ ಮೇಲಿವೆ, ಅಲ್ಲಿಗೆ ಜನ ದೀಪ ನೋಡಲು ಹೋಗುತ್ತಾರೆ. ಹಳೇ ಕೋಠಿಗೆ ಕುಡಿಯಲು ಬರುತ್ತಿದ್ದರು. ಮೇಲೆ ಎತ್ತರದ ಚಾವಣಿ, ಸದ್ದು ಮಾಡುವ ಫ್ಯಾನು, ಕಾಲು ಸವೆದ ತೇಗದ ಬೆಂಚು. ಕೆಳಗೆ ಕಲ್ಲಿನ ನೆಲಮಾಳಿಗೆ, ಅದರೊಳಗೆ ನಮ್ಮ ತಣ್ಣನೆಯ ಕೋಣೆ, ಅಲ್ಲಿ ಅಡ್ಡಡ್ಡ ಮಲಗಿದ ಉಕ್ಕಿನ ಪೀಪಾಯಿಗಳು. ಹಿತ್ತಲ ಶೆಡ್ಡಿನಲ್ಲಿ ಕುದಿಸಿ, ಹುದುಗು ಬರಿಸಿ, ಪೀಪಾಯಿಗೆ ತುಂಬಿದ ಏಲ್ ಕೆಳಗಿನಿಂದ ಕೈಪಂಪಿನಲ್ಲಿ ಮೇಲಿನ ಕೌಂಟರಿಗೆ ಏರಿ ಬರುತ್ತಿತ್ತು.

ಬಾಟಲಿಯ ಬೀರಿಗೂ ಪೀಪಾಯಿಯ ಏಲಿಗೂ ಇರುವ ವ್ಯತ್ಯಾಸ ಪ್ಯಾಕೆಟ್ ಮೊಸರಿಗೂ ಮನೆಯಲ್ಲಿ ಹೆಪ್ಪು ಹಾಕಿದ ಮೊಸರಿಗೂ ಇರುವಷ್ಟೇ. ಬಾಟಲಿಯದನ್ನು ಸೋಸಿ, ಬಿಸಿ ಮಾಡಿ, ಗ್ಯಾಸು ತುಂಬಿರುತ್ತಾರೆ. ಅದಕ್ಕೆ ಇನ್ನು ಏನೂ ಆಗುವುದಿಲ್ಲ. ಏಲಿನಲ್ಲಿ ಯೀಸ್ಟ್ ಇನ್ನೂ ಬದುಕಿರುತ್ತದೆ, ತನ್ನ ನೊರೆಯನ್ನು ತಾನೇ ಮಾಡಿಕೊಳ್ಳುತ್ತದೆ. ಬದುಕಿರುವುದಕ್ಕೆ ಕೆಡಲೂ ಗೊತ್ತು. ಅದು ಕೆಡದಂತೆ ಕಾಯುವವನೇ ಪೀಪಾಯಿ ನೋಡಿಕೊಳ್ಳುವವನು.

ಮೊದಲ ಬೇಸಿಗೆಯಲ್ಲೇ ನನ್ನ ಸೊಕ್ಕು ಮುರಿಯಿತು. ಏಲನ್ನು ಮಂಜುಗಡ್ಡೆಯಷ್ಟು ತಣ್ಣಗೆ ಕೊಡಬಾರದು, ಕೊಟ್ಟರೆ ರುಚಿ ಮಲಗಿಬಿಡುತ್ತದೆ. ಇದನ್ನು ಹೈದರಾಬಾದಿನ ಮೇ ತಿಂಗಳಲ್ಲಿ, ಬಿಸಿಲಲ್ಲಿ ಸ್ಕೂಟರ್ ಹೊಡೆದುಕೊಂಡು ಬಂದವನಿಗೆ ಹೇಳಿ ನೋಡಿ. ನಮ್ಮ ಹಿರಿಯ ವೇಟರ್ ಸಲೀಂ ಭಾಯ್ ಟ್ರೇಯಲ್ಲಿ ತುಂಬಿದ ಗ್ಲಾಸು ವಾಪಸ್ ತಂದು ನನ್ನ ಮುಂದೆ ಇಟ್ಟು, "ವೀರೇಶ್ ಮಿಯಾ, ಬೀರ್ ಕೋ ಬುಖಾರ್ ಹೈ ಬೋಲ್‌ತೇ. ಡಾಕ್ಟರ್ ಕೋ ದಿಖಾವ್" ಎಂದರು. ಬೀರಿಗೆ ಜ್ವರ ಬಂದಿದೆಯಂತೆ. ಇನ್ನೊಬ್ಬರು ಐಸ್ ಕೇಳಿದರು. ನಾನು ಕೊಡಲಿಲ್ಲ. ಅವರು ಎದ್ದು ಹೋದರು. ಸಲೀಂ ಭಾಯ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಟಿಪ್ ಕೂಡ ಎದ್ದು ಹೋಯ್ತು, ನೋಡಿದೆಯಾ?" ಎಂದರು.

ಅದೇ ತಿಂಗಳು ಗೂಟದ ಪಾಠವೂ ಆಯಿತು. ಪೀಪಾಯಿಯ ನೆತ್ತಿಯ ತೂತಿಗೆ ಎರಡು ಬಗೆಯ ಮರದ ಗೂಟಗಳಿರುತ್ತವೆ. ಮೆದು ಗೂಟ ಹಾಕಿದರೆ ಗಾಳಿ ಆಡುತ್ತದೆ, ಗಟ್ಟಿ ಗೂಟ ಹಾಕಿದರೆ ಇಲ್ಲ. ಹುದುಗು ಇನ್ನೂ ಜೋರಾಗಿದ್ದ ಪೀಪಾಯಿಗೆ ನಾನು ಗಟ್ಟಿ ಗೂಟ ಬಡಿದೆ. ಮಧ್ಯಾಹ್ನ ಕರೆಂಟು ಹೋಗಿ ಕೋಣೆ ಬೆಚ್ಚಗಾಯಿತು. ಗೂಟ ಚಾವಣಿಗೆ ಹಾರಿ, ಅದರ ಹಿಂದೆ ಏಲಿನ ಕಾರಂಜಿ ಹಾರಿ, ಕೆಳಗೆ ನಿಂತಿದ್ದ ನಾನು ಎಣ್ಣೆ ಸ್ನಾನ ಮಾಡಿದವನ ಹಾಗಾದೆ. ನನ್ನ ಮೇಲಧಿಕಾರಿ ಮೈಕೆಲ್ ಸರ್ ಮೆಟ್ಟಿಲ ಮೇಲೆ ನಿಂತು ನೋಡಿದರು. ಬೈಯಲಿಲ್ಲ. "ಮೂಗು ಮುಚ್ಚಿದರೆ ನೀನೂ ಒದೆಯುತ್ತೀ" ಎಂದಷ್ಟೇ ಹೇಳಿ ಮೇಲೆ ಹೋದರು.

ಮೈಕೆಲ್ ಸರ್ ಸಿಕಂದರಾಬಾದಿನವರು. ಏಲ್ ಕಾಯುವವರ ಬಳಿ ಹೊರದೇಶದಲ್ಲಿ ಕೆಲಸ ಕಲಿತು ಬಂದಿದ್ದರು. ಅವರಿಗೆ ಒಂದೇ ಹುಚ್ಚು, ತಿಳಿ. ಪ್ರತಿದಿನ ಬಾಗಿಲು ತೆರೆಯುವ ಮೊದಲು ಒಂದು ಗ್ಲಾಸು ಏಲ್ ಹಿಡಿದು, ಅದರ ಹಿಂದೆ ಪೇಪರಿನ ಸಣ್ಣ ಜಾಹೀರಾತಿನ ಪುಟ ಇಟ್ಟು ಓದುತ್ತಿದ್ದರು. "ಎರಡು ಬೆಡ್‌ರೂಂ, ಪೂರ್ವ ದಿಕ್ಕು, ಸಸ್ಯಾಹಾರಿಗಳಿಗೆ ಮಾತ್ರ" ಎಂದು ಗ್ಲಾಸಿನ ಮೂಲಕ ಅಕ್ಷರ ಕಂಡರೆ ಅಂದಿನ ಪೀಪಾಯಿ ಪಾಸು. ಅಕ್ಷರ ಕರಗಿದರೆ ಅದು ಇನ್ನೊಂದು ದಿನ ಮಲಗಬೇಕು.

ತಿಳಿ ತಾನಾಗಿ ಬರುವುದಿಲ್ಲ. ಅದಕ್ಕೆ ಒಂದು ಡಬ್ಬಿಯ ಅಂಟಿನಂಥ ದ್ರವ ಹಾಕುತ್ತಿದ್ದೆವು. ಪಬ್ಬಿನಲ್ಲಿ ಎಲ್ಲರೂ ಅದಕ್ಕೆ ಪಾಲಿಶ್ ಎನ್ನುತ್ತಿದ್ದರು. ತೇಲುವ ಯೀಸ್ಟನ್ನೆಲ್ಲ ಹಿಡಿದು ಒಂದೇ ರಾತ್ರಿಯಲ್ಲಿ ತಳಕ್ಕೆ ಕೂರಿಸುತ್ತದೆ. ಸೇರಿದ ವಾರದಲ್ಲೇ ಇದೇನೆಂದು ಕೇಳಿದೆ.

"ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ. ಒಣಗಿಸಿ, ಕರಗಿಸಿ ಮಾಡುತ್ತಾರೆ" ಎಂದರು ಮೈಕೆಲ್ ಸರ್.

ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಅವರು ನನ್ನ ಮುಖ ನೋಡಿ, "ಗ್ಲೌಸ್ ಬೇಕಾ?" ಎಂದರು. ಬೇಡ ಎಂದೆ. ಕೆಲಸ ಎಂದರೆ ಕೆಲಸ. ಚಮ್ಮಾರಿಕೆ ಮಾಡುವವರು, ಹೆಣ ಕೊಯ್ಯುವ ಡಾಕ್ಟರು, ಅವರ ಕೈಗಿಂತ ನನ್ನ ಕೈ ದೊಡ್ಡದೇನಲ್ಲ. ಮುಂದೆ ಮೈಕೆಲ್ ಸರ್ ನಿವೃತ್ತರಾಗಿ ಗೋವಾಕ್ಕೆ ಹೋಗುವವರೆಗೂ, ಅವರ ಜಾಗಕ್ಕೆ ನಾನು ಬಂದ ಮೇಲೂ, ನನ್ನ ಕೈಯಿಂದಲೇ ಹಾಕುತ್ತಿದ್ದೆ. ಅಷ್ಟು ದಿನ ಇದರಲ್ಲೇನಿದೆ ಎಂದು ಯಾವ ಗಿರಾಕಿಯೂ ಕೇಳಿರಲಿಲ್ಲ.

ಕೇಳಿದವರು ಚನ್ನಪ್ಪ ಸಾಹುಕಾರರು. ಬೇಗಂ ಬಜಾರಿನಲ್ಲಿ ಬೆಲ್ಲ, ಬೇಳೆಯ ಸಗಟು ಅಂಗಡಿ. ಮೂಲ ಹುಮನಾಬಾದಿನ ಕಡೆಯವರು, ಅರವತ್ತು ದಾಟಿದವರು, ಕೊರಳಲ್ಲಿ ಲಿಂಗದ ಕರಡಿಗೆ. ಗುರುವಾರ ಸಂಜೆ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಬಂದು ಎರಡು ಗ್ಲಾಸು ಕುಡಿದು ಹೋಗುತ್ತಿದ್ದರು, ಮೂರನೆಯದು ಎಂದೂ ಇಲ್ಲ. ನಾನು ಕನ್ನಡದವನೆಂದು ತಿಳಿದ ಮೇಲೆ ಬೆಂಚು ಬಿಟ್ಟು ಕೌಂಟರಿನ ತುದಿಗೇ ನಿಲ್ಲತೊಡಗಿದ್ದರು. ಅವರು ಜೊತೆಗೆ ತರುತ್ತಿದ್ದ ಬಜಾರಿನ ಇಬ್ಬರು ಮೂವರು ಗೆಳೆಯರೂ ಮಾಂಸ ಮುಟ್ಟದವರೇ. ಹುರಿದ ಕಡಲೆ ಬಂದರೂ ಯಾವ ಎಣ್ಣೆ ಎಂದು ಕೇಳುವ ಜನ.

ಮಳೆಗಾಲದ ಒಂದು ಗುರುವಾರ. ಮಾಲೀಕರು ನರಸಿಂಗರಾವ್ ಅವರೂ ಕೌಂಟರಿನಲ್ಲೇ ಇದ್ದರು. ಪಕ್ಕದ ಮೇಜಿಗೆ ಹುರಿದ ಮೀನು ಹೋಯಿತು. ಅದರ ವಾಸನೆಗೆ ಸಾಹುಕಾರರು ಮೂಗು ಸಿಂಡರಿಸಿ, ತಮ್ಮ ಗ್ಲಾಸು ಎತ್ತಿ ತೋರಿಸಿ ಕೇಳಿದರು.

"ತಮ್ಮಾ, ಹಿಂಗ ಬಂಗಾರದಂಗ ತಿಳಿ ಐತಲ್ಲ, ಇದರಾಗ ಅಂಥಾದ್ದು ಏನೂ ಬಿದ್ದಿಲ್ಲ ಹೌದಲ್ಲೋ?"

ಮಾಲೀಕರಿಗೆ ಕನ್ನಡ ಬಾರದಿದ್ದರೂ ಪ್ರಶ್ನೆ ತಿಳಿಯಿತು. "ಪ್ಯೂರ್ ವೆಜ್ ಸಾಹುಕಾರ್. ಬಾರ್ಲಿ, ನೀರು, ಅಷ್ಟೇ" ಎಂದು ಹಿಂದಿಯಲ್ಲಿ ನಗುತ್ತ ಹೇಳಿದರು.

ಸಾಹುಕಾರರು ಅವರನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಇಲ್ರಿ. ಮೀನು ಐತ್ರಿ" ಎಂದೆ. "ಮೀನಿನ ಚೀಲದ್ದು ಅಂಟು. ತಿಳಿ ಬರ್ಲಿ ಅಂತ ಹಾಕ್ತೀವಿ. ತಳಕ್ಕ ಕುಂದರತೈತಿ, ಆದ್ರ ಹಾಕೋದಂತೂ ಖರೆ."

ಅವರು ಗ್ಲಾಸನ್ನು ಸದ್ದಾಗದಂತೆ ಕೆಳಗಿಟ್ಟರು. ಕರವಸ್ತ್ರ ತೆಗೆದು ಬಾಯಿ ಒರೆಸಿದರು, ಮತ್ತೊಮ್ಮೆ ಒರೆಸಿದರು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಬಂದದ್ದು ಬೇರೆ.

"ಹೇಳಬಾರದಾಗಿತ್ತೇನೋ ನೀನು? ಕುಡಿಯೂದು ಒಂದು ತಪ್ಪ, ಅದನ್ನ ನಾನು ಬಸವಣ್ಣನ ಮುಂದ ಹ್ಯಾಂಗರ ತೀರಿಸ್ಕೋತಿದ್ದೆ. ಈಗ ಎರಡು ಆದ್ವು."

"ನೀವೇ ಕೇಳಿದ್ರಲ್ರಿ."

"ಕೇಳಿದೆ. ಇಲ್ಲ ಅನ್ಲಿ ಅಂತ ಕೇಳಿದೆ" ಎಂದು ಛತ್ರಿ ತೆಗೆದುಕೊಂಡು ಹೊರಟರು. ಅವರ ಹಿಂದೆ ಬೇಗಂ ಬಜಾರಿನ ಮೇಜು ಪೂರ್ತಿ ಎದ್ದಿತು.

ಮಾಲೀಕರು ನನ್ನನ್ನು ತಮ್ಮ ಕೋಣೆಗೆ ಕರೆದರು. ಅವರು ಕೆಟ್ಟ ಮನುಷ್ಯರಲ್ಲ, ಇದನ್ನು ಮೊದಲೇ ಬರೆದಿಡುತ್ತೇನೆ. ಜ್ವರ ಬಂದರೆ ಕೆಲಸದವರನ್ನು ತಮ್ಮ ಕಾರಲ್ಲೇ ಮನೆಗೆ ಬಿಡುತ್ತಿದ್ದರು. ಆ ದಿನ ಮಾತ್ರ ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ಬೆಂಕಿ ಉಗುಳಿದರು.

"ನೀನು ಲಾಯರ್ ಆಗಬೇಕಿತ್ತಯ್ಯಾ. ಹರಿಶ್ಚಂದ್ರನ ಹತ್ತಿರ ಬಾರ್ ಇರಲಿಲ್ಲ, ಗೊತ್ತಾ? ಅವನಿಗೆ ಸ್ಮಶಾನವೇ ಸಿಕ್ಕಿದ್ದು."

"ಕೇಳಿದರೆ ಹೇಳುತ್ತೇನೆ ಸಾರ್. ಕೇಳದವರ ಬೆನ್ನು ಹತ್ತಿ ಹೇಳುವುದಿಲ್ಲ."

"ಇನ್ನು ಎಲ್ಲರೂ ಕೇಳುತ್ತಾರೆ. ಸುದ್ದಿ ನಾಳೆ ಬಜಾರಿಗೆ ಹೋಗುತ್ತದೆ. ಸರಿ, ಮೀನು ಬಿಡು. ಮೀನಿಲ್ಲದೆ ಏಲ್ ಮಾಡು. ದಸರಾ ತನಕ ನೋಡುತ್ತೇನೆ. ಮಾಲು ಹೋಗದಿದ್ದರೆ ಕೈಪಂಪು ಕೀಳಿಸಿ ಗ್ಯಾಸು ತುಂಬಿದ ಬೀರಿನ ನಲ್ಲಿ ಹಾಕಿಸುತ್ತೇನೆ. ಪೀಪಾಯಿ ಇಲ್ಲ ಎಂದ ಮೇಲೆ ಪೀಪಾಯಿ ನೋಡಿಕೊಳ್ಳುವವನು ಯಾಕೆ?"

ಹೀಗೆ ನನ್ನ ಕೆಲಸವೂ, ಊರಿನ ನಡುಮಧ್ಯದ ಆ ಹಳೆಯ ಮನೆಯ ಕೈಪಂಪೂ ಒಂದೇ ಹಗ್ಗಕ್ಕೆ ಬಿದ್ದವು. ನನಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಹೆದರಿಕೆಗಿಂತ ಹಟ ಹೆಚ್ಚಾಗಿತ್ತು.

ಈ ಕೆಲಸಕ್ಕೆ ಬರುವವರು ಮುಂದಿನದನ್ನು ಗಮನವಿಟ್ಟು ಓದಬೇಕು. ಮೀನಿಲ್ಲದೆ ತಿಳಿ ತರಲು ಮೊದಲು ಚಳಿಯನ್ನು ಬಳಸಿದೆ. ಪೀಪಾಯಿಯನ್ನು ಇನ್ನಷ್ಟು ತಣ್ಣಗೆ, ಹೆಚ್ಚು ದಿನ ಅಲುಗಾಡದಂತೆ ಮಲಗಿಸಿದೆ. ಮೇಲಿನ ಅರ್ಧ ಚೆನ್ನಾಗಿ ತಿಳಿಯಾಯಿತು. ಪಂಪು ಎಳೆಯುತ್ತ ಎಳೆಯುತ್ತ ಗಸಿ ಎದ್ದು ಕೆಳಗಿನ ಅರ್ಧ ಅಂಬಲಿಯಾಯಿತು. ಕುದಿಸುವಾಗ ಹಾಕುವ ಕಡಲಪಾಚಿಯನ್ನು ಹೆಚ್ಚಿಸಿದೆ. ಅದರ ಕೆಲಸ ಬೇರೆ, ಯೀಸ್ಟಿನ ಹತ್ತಿರ ಅದರ ಆಟ ನಡೆಯುವುದಿಲ್ಲ. ಪ್ರಾಣಿಜನ್ಯವಲ್ಲದ ಪುಡಿಗಳು ಹೊರದೇಶದಲ್ಲಿ ಸಿಗುತ್ತವೆ ಎಂದು ಓದಿದ್ದೆ. ದುಬಾರಿ ಎಂದು ಮಾಲೀಕರು ತರಿಸಲು ಒಪ್ಪಲಿಲ್ಲ. ಒಂದು ಭಾನುವಾರ ಅಮ್ಮ, "ನಿಮ್ಮ ಅಜ್ಜಿ ಹೊಳೀ ನೀರು ರಾಡಿ ಬಂದ್ರ ಕೊಡದ ಒಳಗ ಚಿಲ್ಲದ ಬೀಜ ತಿಕ್ಕತಿದ್ರು, ಮುಂಜಾನೆ ಅನ್ನೂದ್ರಾಗ ಕನ್ನಡಿಯಂಗ ಆಕ್ಕಿತ್ತು" ಎಂದರು. ಬೀಜ ತಂದು, ಕಲ್ಲಿನ ಮೇಲೆ ತೇಯ್ದು ಒಂದು ಕೊಡ ಕೆಸರು ನೀರಿಗೆ ಹಾಕಿದೆ. ಕನ್ನಡಿಯೇ ಆಯಿತು. ಮಾರದೆ ಇಟ್ಟುಕೊಂಡಿದ್ದ ಒಂದು ಸಣ್ಣ ಪೀಪಾಯಿಗೆ ಹಾಕಿದೆ. ಏನೂ ಆಗಲಿಲ್ಲ. ರುಚಿ ನೋಡಿದ ಸಲೀಂ ಭಾಯ್, "ಇದು ಬೀರಲ್ಲ ಮಿಯಾ, ಹಕೀಮರ ಕಷಾಯ" ಎಂದು ಉಗುಳಿ ಬಂದರು.

ಉಳಿದದ್ದು ಒಂದೇ ದಾರಿ, ರಾಡಿಯನ್ನು ರಾಡಿ ಎಂದೇ ಮಾರುವುದು. ಕೌಂಟರಿನ ಮೇಲೆ ಕರಿಹಲಗೆ ನಿಲ್ಲಿಸಿ ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಬರೆದೆ: ಈ ಏಲ್ ತಿಳಿಯಾಗಿಲ್ಲ, ಮೀನು ಹಾಕಿಲ್ಲ. ಕೆಳಗೆ ಕನ್ನಡದಲ್ಲೂ ಬರೆದೆ.

"ಕನ್ನಡ ಯಾರಿಗೆ?" ಎಂದರು ಮಾಲೀಕರು.

"ನನಗೆ" ಎಂದೆ.

ಮೊದಲ ವಾರ ವಾಪಸ್ ಬಂದ ಗ್ಲಾಸುಗಳು ಮೂವತ್ತೊಂದು. ಎರಡನೆಯ ವಾರ ಇಪ್ಪತ್ತಾರು. ದಿನಚರಿಯಲ್ಲಿ ಗೆರೆ ಎಳೆದು ಬರೆದಿಡುತ್ತಿದ್ದೆ, ಈಗಲೂ ಎಲ್ಲವನ್ನೂ ಬರೆದಿಡುತ್ತೇನೆ, ಅದು ನನ್ನ ಚಟ. ಒಬ್ಬ ಹುಡುಗಿ ಗ್ಲಾಸಿನ ಫೋಟೋ ತೆಗೆದು, ಹುಸೇನ್ ಸಾಗರದಿಂದ ತುಂಬಿ ತಂದಿರಾ ಎಂದು ಕೇಳಿದಳು. ನಾನು ಆಕೆಗೆ ಅರ್ಧ ಲೋಟ ಸುಮ್ಮನೆ ಕೊಟ್ಟು, ಕಣ್ಣು ಮುಚ್ಚಿ ಕುಡಿಯಿರಿ ಎಂದೆ. ಕುಡಿದಳು. ಇನ್ನೊಂದು ಕೇಳಿದಳು. ಆದರೆ ಎಲ್ಲರ ಕಣ್ಣು ಮುಚ್ಚಿಸಲು ಆಗುತ್ತದೆಯೇ?

ದಸರಾಕ್ಕೆ ಇನ್ನು ಎರಡೇ ವಾರ ಎನ್ನುವಾಗ ಚನ್ನಪ್ಪ ಸಾಹುಕಾರರು ಬಂದರು. ಒಬ್ಬರೇ. ಬೆಂಚಿಗೆ ಹೋಗದೆ ಹಲಗೆಯ ಮುಂದೆ ನಿಂತು ನಾಲ್ಕೂ ಭಾಷೆ ಓದಿದರು. ಒಂದು ಗ್ಲಾಸು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಮೈಕೆಲ್ ಸರ್ ಇದ್ದಿದ್ದರೆ ಕಣ್ಣೀರು ಹಾಕುತ್ತಿದ್ದರು. ಅಷ್ಟು ರಾಡಿ ಅದು.

"ಏನೂ ಕಾಣವಲ್ದು" ಎಂದರು.

"ಇಲ್ರಿ. ಇದಕ್ಕಿಂತ ತಿಳಿ ಬರಂಗಿಲ್ಲ. ಮುಂದಿನ ತಿಂಗಳು ಇದೂ ಇರ್ತದೋ ಇಲ್ಲೋ."

ಅವರು ಗ್ಲಾಸು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅಂಗಡಿಯ ದನಿಯಲ್ಲಿ ಮಾತಾಡಿದರು.

"ನನ್ನ ಅಂಗಡಿಗೆ ಬೆಲ್ಲಕ್ಕ ಎರಡು ನಮೂನಿ ಮಂದಿ ಬರ್ತಾರ. ಒಬ್ಬ ಬೆಳ್ಳಗಿರೂ ಬೆಲ್ಲ ಕೇಳ್ತಾನ, ಅವ ಹೊಸಬ. ಇನ್ನೊಬ್ಬ ಕರ್ರಗಿರೂದು ಕೇಳ್ತಾನ. ಬೆಳ್ಳಗ ಆಗಬೇಕಂದ್ರ ಏನರೇ ಹಾಕಿರಬೇಕು ಅನ್ನೂದು ಅವಗ ಗೊತ್ತು. ಕರ್ರಗಿದ್ರ ಸುಳ್ಳ ಹೇಳಾಕ ಜಾಗಾನ ಇಲ್ಲ." ಒಂದು ಗುಟುಕು ಕುಡಿದರು. "ಇದೂ ಹಂಗ ಐತಿ. ಇಷ್ಟು ರಾಡಿ ಐತಿ ಅಂದ್ರ ಮೀನು ಹಾಕಿಲ್ಲ ಅನ್ನೂದು ಖರೆ. ನಿನ್ನ ಹಲಗಿ ಓದಿ ನಂಬಿಲ್ಲ ಮತ್ತ, ಗ್ಲಾಸ್ ನೋಡಿ ನಂಬೀನಿ."

ಮುಂದಿನ ಗುರುವಾರ ಬಜಾರಿನ ಮೇಜು ತುಂಬಿತು. ಅದರ ಮುಂದಿನ ವಾರ ಎರಡು ಮೇಜು. ಕರೀ ಬೆಲ್ಲದ ಬೀರು ಎಂದು ಯಾರೋ ಹೆಸರಿಟ್ಟರು. ಬೆಲ್ಲ ಒಂದು ಚೂರೂ ಇರಲಿಲ್ಲ ಅದರಲ್ಲಿ. ಕೇಳಿದವರಿಗೆಲ್ಲ ಅದನ್ನೂ ಹೇಳುತ್ತಿದ್ದೆ. ಐಟಿ ಕಂಪನಿಯ ಹುಡುಗರೂ ಮೆಟ್ರೋ ಹತ್ತಿ ನಾಂಪಲ್ಲಿಯಲ್ಲಿ ಇಳಿದು, ನಡೆದು ಬಂದು ರಾಡಿಯದೇ ಕೊಡಿ ಎಂದು ಕೇಳತೊಡಗಿದರು. ದಸರಾ ಕಳೆಯಿತು, ಕೈಪಂಪು ಉಳಿಯಿತು. ಮಾಲೀಕರು ಪಂಪಿನ ಹಿತ್ತಾಳೆಯ ಹಿಡಿಗೆ ಪಾಲಿಶ್ ಮಾಡಿಸಿದರು. ನಾನು ಅದನ್ನೇ ಮೆಚ್ಚುಗೆಯ ಮಾತು ಎಂದುಕೊಂಡೆ.

ಗೆದ್ದೆ ಎಂದುಕೊಂಡೆ, ಅಲ್ಲೇ ತಪ್ಪಿದೆ. ತಿಳಿಯನ್ನು ಕಂಡು ಮೋಸ ಹೋದವರು ಈಗ ರಾಡಿಯನ್ನು ಕಂಡು ನಂಬುತ್ತಿದ್ದರು. ನಂಬಿಕೆ ಎಲ್ಲಿದೆಯೋ ಅಲ್ಲಿಗೇ ಮೋಸ ಬಂದು ಕೂರುತ್ತದೆ. ಇದು ಹೊಳೆಯಲು ನನಗೆ ಒಂದು ಬೇಸಿಗೆ ಬೇಕಾಯಿತು.

ಆ ಹೊತ್ತಿಗೆ ಕೆಲಸದ ರೀತಿ ಬದಲಾಗಿತ್ತು. ಕೋಣೆಯ ಶಾಖ ಏರಿದರೆ ನನ್ನ ಫೋನಿಗೆ ಸಂದೇಶ ಬರುವ ಯಂತ್ರ ಹಾಕಿಸಿದ್ದೆವು. ಕಳೆದ ಮೇ ತಿಂಗಳಲ್ಲಿ, ರಜೆ ಹಾಕಿ ಅತ್ತೆಯ ಮನೆಗೆ ಬೀದರಿಗೆ ಹೋಗಿದ್ದಾಗ, ಸಂದೇಶ ಬಂದಿತು. ಕಂಪ್ರೆಸರ್ ಕೆಟ್ಟಿತ್ತು. ಫೋನ್ ಮಾಡಿದೆ, ರಿಪೇರಿಯವನು ಎರಡು ದಿನ ಬರಲಿಲ್ಲ. ನಾನು ಮರಳಿದಾಗ ನಾಲ್ಕು ಪೀಪಾಯಿಗಳಲ್ಲಿ ಮೂರು ಕೆಡದೆ ಉಳಿದಿದ್ದವು. ಒಂದು ಕೆಟ್ಟಿತ್ತು. ಗೂಟ ತೆಗೆದ ಕೂಡಲೇ ವಿನೆಗರ್ ವಾಸನೆ. ಗ್ಲಾಸಿಗೆ ಬಿಡುವಾಗ ಎಳೆ ಎಳೆಯಾಗಿ ಲೋಳೆ. ಗ್ಲಾಸಿನಲ್ಲಿ ನಿಂತ ಮೇಲೆ ನೋಡಲು ಮಾತ್ರ ಎಂದಿನ ರಾಡಿ, ಅದೇ ಬಣ್ಣ, ಅದೇ ಮಬ್ಬು.

ಚೆಲ್ಲಬೇಕು ಎಂದು ಮಾಲೀಕರಿಗೆ ಹೇಳಿದೆ. ಅವರು ಕೆಳಗೆ ಬಂದು ನೋಡಿದರು.

"ಇದಕ್ಕೂ ಅದಕ್ಕೂ ಏನು ವ್ಯತ್ಯಾಸ? ಜನಕ್ಕೆ ರಾಡಿ ಬೇಕು. ಇದೂ ರಾಡಿ."

"ಅದು ಬದುಕಿರುವ ರಾಡಿ ಸಾರ್. ಇದು ಕೊಳೆತದ್ದು."

"ಕುಡಿದರೆ ಸಾಯುತ್ತಾರಾ?"

"ಇಲ್ಲ. ಹುಳಿ ಇರುತ್ತದೆ, ಅಷ್ಟೇ."

"ಸ್ವಲ್ಪ ಹುಳಿ ಹೈದರಾಬಾದಿಗೆ ಹೊಸದಾ? ಒಳ್ಳೆಯದರ ಜೊತೆ ಬೆರೆಸಿ ಹಾಕು. ಬೇಸಿಗೆ ವಿಶೇಷ ಎಂದು ಬರೆ."

"ಸಾಹುಕಾರರು ಕೇಳಿದರೆ ಏನು ಹೇಳಲಿ?"

"ಅವರು ಕೇಳುವುದು ಮೀನಿದೆಯಾ ಎಂದು. ಇಲ್ಲ ಎನ್ನು. ನಿನಗೆ ಸತ್ಯವೇ ಬೇಕಲ್ಲ, ಅದು ಸತ್ಯವೇ."

ನಾನೇ ಬರೆದ ಹಲಗೆಯ ಒಂದು ಅಕ್ಷರವೂ ಸುಳ್ಳಾಗದೆ ಇಡೀ ಹಲಗೆ ಸುಳ್ಳಾಗುತ್ತಿತ್ತು. ಇಲ್ಲ ಎಂಬ ಮಾತು ಕೇಳಿ ಆ ಮನುಷ್ಯ ಕೊಳೆತದ್ದನ್ನು ನಂಬಿಕೆಯಿಂದ ಕುಡಿಯುತ್ತಿದ್ದರು. ಮಾಲೀಕರು ಮೆಟ್ಟಿಲು ಹತ್ತುತ್ತ, ಆ ಪೀಪಾಯಿಯನ್ನು ಚೆಲ್ಲಲು ಯಾರೂ ಕೈ ಹಚ್ಚಕೂಡದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಮಧ್ಯಾಹ್ನ ಎರಡೂವರೆ, ಸಂಜೆಯ ಬಾಗಿಲು ತೆರೆಯಲು ಇನ್ನೂ ಹೊತ್ತಿತ್ತು. ತುಂಬಿದ ಪೀಪಾಯಿಯನ್ನು ಕಟ್ಟೆಯಿಂದ ಇಳಿಸಲು ಯಾವತ್ತೂ ಇಬ್ಬರು ಬೇಕು. ಇದು ಈ ಕೆಲಸದ ಮೊದಲ ನಿಯಮ, ನೀವು ಮುರಿಯಬೇಡಿ. ನಾನು ಸಲೀಂ ಭಾಯ್ ಕಡೆ ನೋಡಿದೆ. ಅವರು ನೆಲ ನೋಡಿದರು. "ಮೂರು ಹೆಣ್ಣುಮಕ್ಕಳು ಮಿಯಾ" ಎಂದರು. ನಾನು ಒತ್ತಾಯ ಮಾಡಲಿಲ್ಲ, ಇವತ್ತಿಗೂ ಅವರ ಮೇಲೆ ಸಿಟ್ಟಿಲ್ಲ. ಕೋಣೆಯ ನೆಲಕ್ಕೆ ಮೋರಿ ಇಲ್ಲ, ಇದ್ದಿದ್ದರೆ ನಲ್ಲಿ ತಿರುಗಿಸಿದರೆ ಸಾಕಿತ್ತು. ಒಬ್ಬನೇ ತಬ್ಬಿ ಇಳಿಸಿದೆ. ಹಿತ್ತಲ ಬಾಗಿಲಿನ ಇಳಿಜಾರಿನಲ್ಲಿ ಮೇಲಕ್ಕೆ ಉರುಳಿಸಿದೆ. ಹೊಸ್ತಿಲು ದಾಟಿಸಲು ಎತ್ತಿದಾಗ ಸೊಂಟದಲ್ಲಿ ಏನೋ ಕಳಚಿದ ಹಾಗಾಯಿತು. ಅಂಗಳದ ಮೋರಿಯವರೆಗೆ ಮೊಣಕಾಲ ಮೇಲೆ ಹೋದೆ. ಗೂಟ ಕಿತ್ತೆ. ಪೀಪಾಯಿ ಪೂರ್ತಿ ಖಾಲಿಯಾಗಲು ಹೊತ್ತು ಹಿಡಿಯುತ್ತದೆ. ಮಾಲೀಕರು ಬಂದು ಪಕ್ಕದಲ್ಲಿ ನಿಂತರು.

"ಎದ್ದೇಳು" ಎಂದರು.

"ಆಗುತ್ತಿಲ್ಲ ಸಾರ್. ಆಗಿದ್ದರೂ ಇದು ಖಾಲಿಯಾಗುವವರೆಗೆ ಏಳುತ್ತಿರಲಿಲ್ಲ."

ಆಸ್ಪತ್ರೆಯ ಖರ್ಚನ್ನು ಅವರೇ ಕೊಟ್ಟರು. ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಎರಡೂ ನಿಜ, ಎರಡನ್ನೂ ಬರೆದಿದ್ದೇನೆ. ಮನೆಯಲ್ಲಿ ಅಪ್ಪ ತಿಂಗಳುಗಟ್ಟಲೆ ಒಂದೇ ಮಾತು ಹೇಳಿದರು, ಹೆಂಡದ ಮನೆಯಲ್ಲಿ ಧರ್ಮ ಹುಡುಕಿದರೆ ಬೆನ್ನು ಮುರಿಯದೆ ಇನ್ನೇನು ಆಗುತ್ತದೆ ಎಂದು. ಕೆಲಸ ಎಲ್ಲಿಯದಾದರೂ ಕೇಳಿದವನಿಗೆ ಉತ್ತರ ಕೊಡಲೇಬೇಕು ಎಂದೆ. ಅವರು ಒಪ್ಪಲಿಲ್ಲ. ಒಪ್ಪಬೇಕೆಂದೇನೂ ಇಲ್ಲ. ನಾನು ಪಶ್ಚಾತ್ತಾಪ ಪಡುತ್ತೇನೆಂದು ಕಾಯುತ್ತಿರುವವರು ಇನ್ನೂ ಬಹಳ ದಿನ ಕಾಯಬೇಕಾಗುತ್ತದೆ.

ಕಳೆದ ಗುರುವಾರ ಚನ್ನಪ್ಪ ಸಾಹುಕಾರರು ಮಿಯಾಪುರದ ತನಕ ಬಂದಿದ್ದರು. ಕೈಯಲ್ಲಿ ಕರಿ ಬೆಲ್ಲದ ಪೊಟ್ಟಣ.

"ಏನಪಾ ಇದು, ಮೆಟ್ರೋದಾಗ ಕುಂತೂ ಕುಂತೂ ನನ್ನ ಸೊಂಟಾನೂ ನಿನ್ನದರಂಗ ಆತು" ಎನ್ನುತ್ತ ಕುರ್ಚಿಗೆ ಕುಸಿದರು. ಚಹಾ ಬಂದಿತು. ಬೆನ್ನಿನ ಬಗ್ಗೆ ಕೇಳಿದರು, ವ್ಯಾಯಾಮದ ಬಗ್ಗೆ ತಮಗೆ ಗೊತ್ತಿಲ್ಲದ್ದನ್ನೆಲ್ಲ ಹೇಳಿದರು. ಆಮೇಲೆ ಬಂದ ವಿಷಯಕ್ಕೆ ಬಂದರು.

"ಹಲಗಿ ಇನ್ನೂ ಐತಿ. ಪಂಪೂ ಐತಿ. ಹೊಸಬ ಒಬ್ಬಾವ ನಿಂತಾನ, ಕೇಳಿದ್ರ ಇಲ್ಲ ಇಲ್ಲ ಅಂತ ನಗತಾನ. ನೀ ಅಂದು ಚೆಲ್ಲಿದ್ದು ನೋಡಾಕ ನನ್ನ ಗ್ಲಾಸಿನಂಗ ಇತ್ತಂತಲ್ಲ, ಸಲೀಂ ಹೇಳಿದ. ಹಂಗಾದ್ರ ಆ ರಾಡಿ ಜೀವದ್ದೋ ಕೊಳತದ್ದೋ ನನಗ ಹ್ಯಾಂಗ ತಿಳೀಬೇಕೋ?"

"ಮೂಗಿಗೆ ಹಿಡೀರಿ. ವಾಸನಿ ಹೇಳತೈತಿ."

"ನಲವತ್ತು ವರ್ಷ ನಶ್ಯ ಏರಿಸೀನಿ. ಮೆಣಸಿನಕಾಯಿ ಚೀಲದ ನಡುವ ಕುಂದರ್ತೀನಿ. ನನ್ನ ಮೂಗು ಬರೇ ಕನ್ನಡಕ ಇಡಾಕ ಐತಿ."

"ಬಾಯಿಗೆ ಬಂದ್ರ ಹುಳಿ ತಿಳೀತದ."

"ಬಾಯಿಗೆ ಬಂದ ಮ್ಯಾಲ ತಿಳದು ಏನು ಮಾಡ್ಲಿ? ಕುಡಿಯೂಕ್ಕಿಂತ ಮೊದಲು ತಿಳೀಬೇಕು. ಕಣ್ಣಿಗೆ ತಿಳೀಬೇಕು. ನೀ ಇದ್ದಾಗ ನಿನ್ನ ಮಾರಿ ನೋಡತಿದ್ದೆ, ಸಾಕಾಗತಿತ್ತು."

ಒಂಬತ್ತು ವರ್ಷ ಕಲಿತದ್ದನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದೆ. ಗೊತ್ತಿಲ್ಲ ಎಂದೇ ಹೇಳಿದೆ. ಅವರು ಚಹಾದ ಕಪ್ ಬಸಿಯನ್ನು ಮುಂದಕ್ಕೆ ಸರಿಸಿ, "ಹಂಗಾದ್ರ ಹುಡುಕು. ಕುಂತಽ ಇದ್ದೀಯಲ್ಲ" ಎಂದು ಎದ್ದರು.

ಹುಡುಕುತ್ತಿದ್ದೇನೆ. ಎರಡು ಗ್ಲಾಸು ರಾಡಿ ಏಲ್, ಒಂದು ಬದುಕಿರುವುದು, ಒಂದು ಕೆಡಲು ತೊಡಗಿರುವುದು. ಮೂಗು ಕೆಟ್ಟ ಮನುಷ್ಯನೊಬ್ಬ ಕೌಂಟರಿನ ಮುಂದೆ ನಿಂತು, ಯಾರ ಮುಖವನ್ನೂ ನೋಡದೆ, ತುಟಿಗೆ ತಾಗಿಸುವ ಮೊದಲೇ ಇದು ಯಾವುದು ಎಂದು ತಾನೇ ಕಂಡುಕೊಳ್ಳುವ ಉಪಾಯ ಯಾರಿಗಾದರೂ ಗೊತ್ತಿದೆಯೇ? ನೊರೆ ಇಳಿಯುವ ರೀತಿಯಲ್ಲಿ ಗುರುತು ಸಿಗುತ್ತದೆಯೇ, ಗಾಜಿಗೆ ಅಂಟುವ ಎಳೆಯಲ್ಲಿ ಸಿಗುತ್ತದೆಯೇ? ಸೇಂದಿ ಇಳಿಸುವವರಿಗೆ, ಅಂಬಲಿ ಹುಳಿ ಬರಿಸುವವರಿಗೆ, ಉಪ್ಪಿನಕಾಯಿ ಹಾಕುವ ಅಜ್ಜಿಯರಿಗೆ, ಯಾರಿಗೆ ಗೊತ್ತಿದ್ದರೂ ದಯವಿಟ್ಟು ಬರೆಯಿರಿ. ಪ್ರತಿಯೊಂದನ್ನೂ ದಿನಾಂಕ ಹಾಕಿ ಬರೆದಿಟ್ಟು ಪರೀಕ್ಷಿಸಿ ನೋಡುತ್ತೇನೆ. ಗಿರಾಕಿಗೆ ಇಷ್ಟೆಲ್ಲ ಯಾಕೆ ತಿಳಿಯಬೇಕು ಎಂದು ಬರೆಯುವವರು ಮಾತ್ರ ಶ್ರಮ ತೆಗೆದುಕೊಳ್ಳಬೇಡಿ. ಆ ಉತ್ತರ ನನಗೆ ನೆಲಮಾಳಿಗೆಯಲ್ಲೇ ಸಿಕ್ಕಿತ್ತು, ಅದನ್ನು ಪೀಪಾಯಿಯ ಜೊತೆಗೇ ಮೋರಿಗೆ ಚೆಲ್ಲಿದ್ದೇನೆ.